ಹಾಲು ಕರೆಯುವ ಹೊತ್ತು, ಪ್ರಾರ್ಥನೆಯ ಹೊತ್ತು

ಕ್ರೈಸ್ತ ಧರ್ಮ ಪ್ರಾರ್ಥನೆಗೆ ಇಷ್ಟೇ ಗಂಟೆ ಎಂದು ಅಳತೆ ಹಾಕಿಲ್ಲ. ಹೊತ್ತನ್ನು ಮಾತ್ರ ಗೊತ್ತು ಮಾಡಿದೆ. ಬೆಳಗು, ನಡುಮಧ್ಯಾಹ್ನ, ಸಂಜೆ. ವಾರಕ್ಕೆ ಒಂದು ಭಾನುವಾರ. ವರ್ಷಕ್ಕೆ ಒಂದು ತಪಸ್ಸುಕಾಲ. ದಿನದ ಕೆಲಸ ಎಷ್ಟೇ ಇರಲಿ, ಈ ಹೊತ್ತು ಬಂದಾಗ ಮನಸ್ಸು ಒಂದು ಗಳಿಗೆ ದೇವರ ಕಡೆ ತಿರುಗಬೇಕು. ಹೇಳುವುದಕ್ಕೆ ಸುಲಭ. ಕಷ್ಟ ಇರುವುದು ಒಂದೇ ಕಡೆ. ಈ ಹೊತ್ತುಗಳನ್ನು ಬೇರೆ ಕೆಲಸಗಳೂ ಕೇಳುತ್ತವೆ.

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡನ್ನೇ ತೆಗೆದುಕೊಳ್ಳಬಹುದು. ಬೇರಂಬಾಡಿ ಸೀಮೆಯ ಊರು. ಬಂಡೀಪುರದ ಕಾಡು ಇಲ್ಲಿಂದ ದೂರವಿಲ್ಲ. ಅರಿಶಿನ, ಚೆಂಡುಹೂ, ಸೂರ್ಯಕಾಂತಿ, ಸಾಂಬಾರ್ ಈರುಳ್ಳಿ ಬೆಳೆಯುವ ನೆಲ. ನೀರು ಬೋರ್‌ವೆಲ್‌ನದು. ಇಂಥ ಊರಿನಲ್ಲಿ ದಿನದ ಲಯವನ್ನು ಕಟ್ಟುವುದು ಗಡಿಯಾರವಲ್ಲ. ಕೊಟ್ಟಿಗೆ, ಕರೆಂಟು ಮತ್ತು ಬೆಳೆ.

ಕೊಟ್ಟಿಗೆಯಿಂದಲೇ ಶುರುಮಾಡೋಣ. ಬೆಳಕು ಹರಿಯುವ ಮುಂಚೆ ಹಸುವಿಗೆ ಮೇವು ಹಾಕಬೇಕು, ಸಗಣಿ ಬಾಚಬೇಕು, ಕೆಚ್ಚಲು ತೊಳೆದು ಹಾಲು ಕರೆಯಬೇಕು. ಕ್ಯಾನು ಹಿಡಿದು ಡೇರಿಯ ಮುಂದೆ ಸಾಲಿನಲ್ಲಿ ನಿಲ್ಲಬೇಕು. ಅಲ್ಲಿ ಹಾಲಿನ ಅಳತೆ ಆಗಬೇಕು, ಫ್ಯಾಟ್ ನೋಡಬೇಕು, ಚೀಟಿ ಬರಬೇಕು. ಸಂಜೆ ಇದೇ ಕೆಲಸ ಇನ್ನೊಮ್ಮೆ. ಡೇರಿ ಬೆಳಗ್ಗೆ ಬಾಗಿಲು ತೆರೆಯುವುದು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ. ಸಂಜೆ ತೆರೆಯುವುದು ಸಂಜೆಯ ಪ್ರಾರ್ಥನೆಯ ಹೊತ್ತಿಗೆ. ಭಾನುವಾರವೂ ಅದಕ್ಕೆ ರಜೆಯಿಲ್ಲ. ಹಸುವಿಗೆ ಭಾನುವಾರ ಯಾವುದು ಎಂದು ಗೊತ್ತಿಲ್ಲವಲ್ಲ.

ಕರೆಂಟಿನ ಕಥೆ ಬೇರೆ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುವುದು ದಿನಕ್ಕೆ ಸುಮಾರು 7 ಗಂಟೆ. ಅದೂ ಪಾಳಿಯ ಮೇಲೆ. ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. ರಾತ್ರಿ ಎರಡಕ್ಕೆ ಕರೆಂಟು ಬಂದರೆ ಎರಡಕ್ಕೇ ಎದ್ದು ಹೋಗಿ ಸ್ಟಾರ್ಟರ್ ಒತ್ತಬೇಕು, ಮಡಿ ತಿರುಗಿಸಬೇಕು. ಕಾಡಿನಂಚಿನ ಹೊಲವಾದರೆ ಆನೆ, ಹಂದಿ ಕಾಯುವ ಕಾವಲೂ ಸೇರುತ್ತದೆ. ಹಾಗೆ ರಾತ್ರಿ ಕಳೆದವರಿಗೆ ಮುಂಜಾನೆ ನಾಲ್ಕಕ್ಕೆ ಎದ್ದು ಪ್ರಾರ್ಥಿಸಿ ಎಂದು ಹೇಳುವುದು ಉಪದೇಶವಾಗದು, ಹಿಂಸೆಯಾದೀತು.

ಚಾಮರಾಜನಗರ ಜಿಲ್ಲೆಯಲ್ಲಿ ಕ್ರೈಸ್ತರದು ಚಿಕ್ಕ ಸಮುದಾಯ. ರಾಜ್ಯಕ್ಕೇ ತೆಗೆದುಕೊಂಡರೂ 2011ರ ಜನಗಣತಿಯಲ್ಲಿ ನೂರಕ್ಕೆ ಸುಮಾರು 2ರಷ್ಟು. ಜಿಲ್ಲೆಯ ಪೂರ್ವಕ್ಕೆ, ಹನೂರು ತಾಲ್ಲೂಕಿನ ಮಾರ್ಟಳ್ಳಿ ಕಡೆ, ಕಥೋಲಿಕರು ಹೆಚ್ಚಾಗಿರುವ ಊರುಗಳಿವೆ. ಕೊಳ್ಳೇಗಾಲದಲ್ಲಿ, ಚಾಮರಾಜನಗರದಲ್ಲಿ ಚರ್ಚುಗಳಿವೆ. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯ ಹೆಸರು ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತು. ಪಶ್ಚಿಮಕ್ಕೆ, ಗುಂಡ್ಲುಪೇಟೆಯ ಕಡೆಗೆ ಬಂದಂತೆ ಸಂಖ್ಯೆ ತೆಳುವಾಗುತ್ತದೆ. ಮನೆಗಳು ಚದುರಿರುತ್ತವೆ, ಚರ್ಚು ದೂರವಿರುತ್ತದೆ. ಊರಿಗೆಲ್ಲ ಕೇಳುವಂತೆ ಗಂಟೆ ಬಾರಿಸುವವರಿಲ್ಲ. ಮಾರ್ಟಳ್ಳಿಯಲ್ಲಿ ಹೊತ್ತನ್ನು ಊರೇ ನೆನಪಿಸುತ್ತದೆ. ಒಂಟಿ ಮನೆಯಲ್ಲಿ ಅದನ್ನು ಮನೆಯವರೇ ನೆನಪಿಟ್ಟುಕೊಳ್ಳಬೇಕು.

ಕೇಳುಗರೇ, ಇಷ್ಟು ಹೇಳಿದ್ದು ಹೊತ್ತಿನ ಇಕ್ಕಟ್ಟನ್ನು. ಹಾಲು, ಕರೆಂಟು, ಬೆಳೆ ಮೂರೂ ಪ್ರಾರ್ಥನೆಯ ಹೊತ್ತಿನ ಮೇಲೆಯೇ ಬಂದು ಕೂರುತ್ತವೆ. ಇನ್ನು, ಈ ಹೊತ್ತುಗಳು ಎಲ್ಲಿಂದ ಬಂದವು ಎಂದು ನೋಡಬೇಕು.

ದಿನಕ್ಕೆ ಮೂರು ಸಲ ಪ್ರಾರ್ಥಿಸುವ ರೂಢಿ ಬಹಳ ಹಳೆಯದು. ಯೆಹೂದ್ಯರಿಂದ ಬಂದದ್ದು. ‘ದಿದಾಖೆ’ ಎಂಬ ಪುಟ್ಟ ಗ್ರೀಕ್ ಕೈಪಿಡಿಯೊಂದಿದೆ. ಕ್ರಿಸ್ತಶಕ 100ರ ಆಸುಪಾಸಿನದು ಎಂದು ಬಹುತೇಕ ವಿದ್ವಾಂಸರ ಮತ. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ಅದರಲ್ಲೇ ಬರೆದಿದೆ. ನಿಧಾನವಾಗಿ ಹೇಳಿದರೂ ಆ ಪ್ರಾರ್ಥನೆಗೆ ಒಂದು ನಿಮಿಷ ಸಾಕು. ಮೂರು ಸಲಕ್ಕೆ ಮೂರು ನಿಮಿಷ. ಮೊದಲ ಕಾಲದ ಕ್ರೈಸ್ತರಲ್ಲಿ ಕೂಲಿಗಳಿದ್ದರು, ಗುಲಾಮರಿದ್ದರು, ಮೀನು ಹಿಡಿಯುವವರಿದ್ದರು. ದಿನದ ಒಡೆತನ ಅವರ ಕೈಯಲ್ಲಿ ಇರಲಿಲ್ಲ. ಅಂಥವರಿಂದ ಕೇಳಬಹುದಾದಷ್ಟನ್ನೇ ಆ ಕೈಪಿಡಿ ಕೇಳಿತು.

ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಯೊಪ್ಪ ಎಂಬ ಕಡಲೂರು. ಚರ್ಮ ಹದ ಮಾಡುವವನೊಬ್ಬನ ಮನೆ. ಯೇಸುವಿನ ಶಿಷ್ಯ ಪೇತ್ರ ಅಲ್ಲಿ ಇಳಿದುಕೊಂಡಿದ್ದಾನೆ. ನಡುಮಧ್ಯಾಹ್ನ ಪ್ರಾರ್ಥನೆಗೆಂದು ಮಾಳಿಗೆ ಹತ್ತುತ್ತಾನೆ. ಕೆಳಗೆ ಅಡುಗೆ ಆಗುತ್ತಿದೆ. ಹೊಟ್ಟೆ ಹಸಿದಿದೆ. ಚರ್ಮ ಹದ ಮಾಡುವ ಮನೆಯೆಂದ ಮೇಲೆ ವಾಸನೆ ಹೇಗಿದ್ದಿರಬಹುದು ಎಂಬುದನ್ನು ಊಹಿಸಿಕೊಳ್ಳಬಹುದು. ಹಸಿವು, ವಾಸನೆ, ಪರರ ಮನೆ ಎಲ್ಲದರ ನಡುವೆಯೇ ಆ ಪ್ರಾರ್ಥನೆ ನಡೆಯುತ್ತದೆ. ಕ್ರೈಸ್ತ ಸಭೆಯ ಚರಿತ್ರೆಯಲ್ಲೇ ದೊಡ್ಡದೊಂದು ತಿರುವು, ಯೆಹೂದ್ಯರಲ್ಲದವರಿಗೂ ಬಾಗಿಲು ತೆರೆದದ್ದು, ಆ ಮಾಳಿಗೆಯ ಮೇಲಿನ ದರ್ಶನದಿಂದಲೇ ಆಯಿತು.

ಕಥೋಲಿಕ ಸಭೆಯಲ್ಲಿ ಈ ಮೂರು ಹೊತ್ತಿಗೆ ಮುಂದೆ ಗಂಟೆ ಬಂತು. ಬೆಳಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ಗಂಟೆ ಕೇಳಿದವರು ಇದ್ದಲ್ಲೇ ನಿಂತು ದೇವದೂತ ಮರಿಯಮ್ಮನಿಗೆ ತಂದ ಸಂದೇಶವನ್ನು ನೆನೆಯುತ್ತಾರೆ. ಹೊಲದಲ್ಲಿದ್ದರೆ ಹೊಲದಲ್ಲೇ, ದಾರಿಯಲ್ಲಿದ್ದರೆ ದಾರಿಯಲ್ಲೇ. ಸಂಜೆ ಮನೆಮಂದಿಯೆಲ್ಲ ಕೂತು ಜಪಸರ ಹೇಳುತ್ತಾರೆ. ಹತ್ತತ್ತು ಮಣಿಯ ಐದು ಸುತ್ತು. ಅದಕ್ಕೆ ಹೆಚ್ಚೆಂದರೆ 20 ನಿಮಿಷ. ಮಣಿಯೊಂದು ಬೆರಳ ನಡುವೆ ಜಾರುತ್ತಿದ್ದರೆ, ಎಷ್ಟಾಯಿತು ಎಂದು ಬಾಯಿ ಲೆಕ್ಕ ಇಡಬೇಕಿಲ್ಲ. ದಣಿದ ಮೈಗೆ ಹೊಂದುವ ಪ್ರಾರ್ಥನೆ ಅದು. ಓದು ಬರದವರಿಗೂ ಆಗುತ್ತದೆ, ಕತ್ತಲಲ್ಲೂ ಆಗುತ್ತದೆ.

ಹೊತ್ತಿನ ವಿಚಾರ ಇಷ್ಟಾಯಿತು. ಹಳೆಯ ಕ್ರೈಸ್ತರು ಪ್ರಾರ್ಥನೆಯನ್ನು ಉದ್ದ ಮಾಡಲಿಲ್ಲ, ಹೊತ್ತಿಗೆ ಕಟ್ಟಿದರು. ಮುಂದಿನ ಪ್ರಶ್ನೆ ಜಾಗದ್ದು.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಾರ್ಥಿಸಿರಿ ಎಂದು ಮತ್ತಾಯನ ಶುಭಸಂದೇಶದಲ್ಲಿ ಯೇಸು ಬೋಧಿಸುತ್ತಾನೆ. ಒಂದು ಹಜಾರ, ಒಂದು ಅಡುಗೆಮನೆ ಇರುವ ಮನೆಯಲ್ಲಿ ಯಾವ ಬಾಗಿಲು ಹಾಕುವುದು? ಹಜಾರದಲ್ಲೇ ಟಿವಿ, ಹಜಾರದಲ್ಲೇ ಮಕ್ಕಳ ಪಾಠ, ಹಜಾರದಲ್ಲೇ ಗೊಬ್ಬರದ ಚೀಲ. ಅರಿಶಿನದ ಕಾಲದಲ್ಲಿ ಒಣಗಿದ ಕೊಂಬಿನ ಮೂಟೆಗಳೂ ಅಲ್ಲೇ.

ಇದಕ್ಕೆ ಇಂಗ್ಲೆಂಡಿನ ಒಬ್ಬ ತಾಯಿಯ ಉತ್ತರ ಪ್ರಸಿದ್ಧವಾಗಿದೆ. ಸುಸಾನ ವೆಸ್ಲಿ ಎಂಬಾಕೆ. ಸುಮಾರು 300 ವರ್ಷಗಳ ಹಿಂದೆ ಎಪ್‌ವರ್ತ್ ಎಂಬ ಊರಿನಲ್ಲಿದ್ದವಳು. 19 ಮಕ್ಕಳನ್ನು ಹೆತ್ತವಳು. ಬದುಕಿ ಉಳಿದವರು ಸುಮಾರು ಅರ್ಧದಷ್ಟು. ಗಂಡನಿಗೆ ಸಾಲ. ಒಮ್ಮೆ ಮನೆಯೂ ಸುಟ್ಟಿತು. ಪ್ರಾರ್ಥಿಸಬೇಕೆನಿಸಿದಾಗ ಆಕೆ ಅಡುಗೆಯ ಮೇಲುಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡು ಕೂರುತ್ತಿದ್ದಳಂತೆ. ಬಟ್ಟೆ ತಲೆ ಮೇಲಿದ್ದರೆ ಅಮ್ಮನನ್ನು ಕರೆಯಬಾರದು ಎಂದು ಮಕ್ಕಳಿಗೆ ಗೊತ್ತಿತ್ತು. ಕನ್ನಡದ ಮನೆಗಳಲ್ಲಿ ತಲೆಯ ಮೇಲೆ ಸೆರಗು ಹೊದ್ದು ಪ್ರಾರ್ಥನೆಗೆ ಕೂರುವ ತಾಯಂದಿರಿಗೆ ಈ ಮಾತು ಹೊಸದಾಗಿ ಕೇಳಿಸದು.

ಆಕೆಯ ಮಗ ಜಾನ್ ವೆಸ್ಲಿಯಿಂದ ಮೆಥೊಡಿಸ್ಟ್ ಪಂಥ ಹುಟ್ಟಿತು. 19ನೇ ಶತಮಾನದಲ್ಲಿ ವೆಸ್ಲಿಯನ್ ಮಿಷನ್ ಮೈಸೂರು ಸೀಮೆಗೂ ಬಂತು. ಶಾಲೆ ತೆರೆಯಿತು, ಮುದ್ರಣಾಲಯ ನಡೆಸಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಆ ಮಿಷನ್ ಕಟ್ಟಿದ್ದು. 1947ರಲ್ಲಿ ಆ ಮಿಷನ್ನಿನ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿಎಸ್‌ಐನಲ್ಲಿ ಸೇರಿಕೊಂಡವು. ಮನೆಯ ಪ್ರಾರ್ಥನೆ, ಸಂಡೇ ಸ್ಕೂಲು, ವಾರದ ನಡುವಿನ ಪ್ರಾರ್ಥನಾ ಕೂಟ ಈ ಸಭೆಗಳ ಬೆನ್ನೆಲುಬು.

ಅಡುಗೆಮನೆಯ ಇನ್ನೊಂದು ನಿದರ್ಶನ ಪ್ಯಾರಿಸಿನದು. ಸೋದರ ಲಾರೆನ್ಸ್ 17ನೇ ಶತಮಾನದ ಕಾರ್ಮೆಲೈಟ್ ಮಠದಲ್ಲಿ ಅಡುಗೆಯವನಾಗಿದ್ದ. ಓದು ಹೆಚ್ಚಿಲ್ಲ, ಕಾಲು ಕುಂಟು. ಪಾತ್ರೆಗಳ ಸದ್ದಿನಲ್ಲೂ, ಗುಡಿಯಲ್ಲಿ ಮೊಣಕಾಲೂರಿದಾಗಲೂ ಆತನಿಗೆ ದೇವರ ಸಾನ್ನಿಧ್ಯದಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. ಆತನ ಮಾತು, ಪತ್ರಗಳನ್ನು ಸಾವಿನ ಬಳಿಕ ಬೇರೆಯವರು ಕೂಡಿಸಿ ಪುಸ್ತಕ ಮಾಡಿದರು. ಒಂದು ಎಚ್ಚರಿಕೆ ಮಾತ್ರ ಬೇಕು. ಕೆಲಸವೇ ಪ್ರಾರ್ಥನೆ ಎಂದು ಹೇಳಿ ಪ್ರಾರ್ಥನೆಯನ್ನೇ ಬಿಡುವವರು ಲಾರೆನ್ಸನ ಹೆಸರು ಹೇಳಬಾರದು. ಮಠದ ಗೊತ್ತಾದ ಪ್ರಾರ್ಥನೆಗಳನ್ನು ಆತ ಬಿಟ್ಟಿರಲಿಲ್ಲ.

ಕೇಳುಗರೇ, ಹೊತ್ತೂ ಆಯಿತು, ಜಾಗವೂ ಆಯಿತು. ಇನ್ನು ಕಲಿಸುವವರು. ಪಾದ್ರಿಗಳೇ ಇಲ್ಲದ ಊರಿನಲ್ಲಿ ವಿಶ್ವಾಸ ಹೇಗೆ ಉಳಿಯಿತು?

ಮೈಸೂರು ಸೀಮೆಯ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. ಇಟಲಿಯ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ 1649ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಆರಂಭಿಸಿದರು. ಸಂನ್ಯಾಸಿಯ ಉಡುಪು ತೊಟ್ಟರು, ಕನ್ನಡ ಕಲಿತರು, ಕನ್ನಡದಲ್ಲಿ ಬರೆದರು. ಗುರುಗಳು ಬೆರಳೆಣಿಕೆಯಷ್ಟು, ಸೀಮೆ ವಿಶಾಲ. ಹೀಗಾಗಿ ಊರೂರಲ್ಲಿ ಪ್ರಾರ್ಥನೆ ನಡೆಸುವ ಹೊಣೆ ಉಪದೇಶಿಯ ಮೇಲೆ ಬಿತ್ತು. ಉಪದೇಶಿ ಎಂದರೆ ಆ ಊರಿನವನೇ, ಸಂಸಾರಸ್ಥನೇ. ಮಕ್ಕಳಿಗೆ ಪ್ರಾರ್ಥನೆ ಬಾಯಿಪಾಠ ಮಾಡಿಸುವುದು, ಭಾನುವಾರ ಜನರನ್ನು ಕೂಡಿಸುವುದು, ಸಾಯುವವರ ಪಕ್ಕ ಕೂರುವುದು ಅವನ ಕೆಲಸ.

1773ರಲ್ಲಿ ರೋಮ್ ಯೇಸುಸಭೆಯನ್ನೇ ವಿಸರ್ಜಿಸಿತು. ಗುರುಗಳ ಸಂಖ್ಯೆ ಇನ್ನೂ ಇಳಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಫ್ರಾನ್ಸಿನ ಪಾದ್ರಿ ಅಬ್ಬೆ ದುಬ್ವಾ ಈ ಸೀಮೆಗೆ ಬಂದರು. 1823ರವರೆಗೆ ಇದ್ದರು. ಸಿಡುಬಿನ ಲಸಿಕೆ ಹಾಕಿಸುವುದಕ್ಕೂ ಓಡಾಡಿದರು. ಗುರುಗಳ ಕೊರತೆಯ ವರ್ಷಗಳಲ್ಲೂ ಮನೆಗಳಲ್ಲಿ ಪ್ರಾರ್ಥನೆ ಉಳಿದಿದ್ದರೆ ಅದು ಉಪದೇಶಿಗಳಿಂದ, ಅಜ್ಜಿಯರಿಂದ. ಅವರ ಹೆಸರುಗಳು ಚರಿತ್ರೆಯ ಪುಸ್ತಕಗಳಲ್ಲಿ ಹೆಚ್ಚಾಗಿ ಸಿಗುವುದಿಲ್ಲ, ಅಷ್ಟೆ.

ಪ್ರಾಟೆಸ್ಟಂಟರ ಕಡೆ ಪುಸ್ತಕವೂ ಜೊತೆಗೆ ಬಂತು. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮಾಡಿದ ಅನುವಾದದಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಅಕ್ಷರ ಬಲ್ಲ ಒಬ್ಬರು ಮನೆಯಲ್ಲಿದ್ದರೆ ರಾತ್ರಿ ಊಟದ ಮುಂಚೆ ಒಂದು ಅಧ್ಯಾಯ ಓದಬಹುದು ಎಂಬ ಸ್ಥಿತಿ ಬಂತು. ಶಾಲೆಗೆ ಹೋಗುವ ಮಗು ಓದುವುದು, ಹಿರಿಯರು ಕೇಳುವುದು.

ದಿನದ ಪ್ರಾರ್ಥನೆ ಮನೆಯವರಿಂದಲೇ ಉಳಿಯಿತು ಎಂಬಲ್ಲಿಗೆ ಬಂದೆವು. ದಿನದಿಂದ ಈಗ ವಾರಕ್ಕೆ ಬರೋಣ.

ಭಾನುವಾರಕ್ಕೆ ಸರ್ಕಾರಿ ರಜೆ ಕೊಟ್ಟ ಮೊದಲ ದೊರೆ ರೋಮಿನ ಕಾನ್‌ಸ್ಟಂಟೈನ್. ವರ್ಷ 321. ನಗರದ ನ್ಯಾಯಾಲಯಗಳು, ಕಸುಬಿನ ಅಂಗಡಿಗಳು ಮುಚ್ಚಿರಬೇಕು ಎಂದು ಆಜ್ಞೆ. ಅದೇ ಆಜ್ಞೆಯಲ್ಲಿ ರೈತರಿಗೆ ವಿನಾಯಿತಿ ಇತ್ತು. ಬಿತ್ತನೆಗೆ ಹದವಾದ ದಿನ ತಪ್ಪಿದರೆ ಮತ್ತೆ ಸಿಗದು, ಅವರು ಕೆಲಸ ಮಾಡಲಿ ಎಂದು. 1700 ವರ್ಷಗಳ ಹಿಂದಿನ ಆ ದೊರೆಗೆ ಗೊತ್ತಿದ್ದ ಸಂಗತಿ ಇಂದಿನ ಎಷ್ಟೋ ಬೋಧಕರಿಗೆ ಮರೆತುಹೋಗುತ್ತದೆ. ಭಾರತದಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ. ಅದೂ ನಗರದ ರಜೆಯೇ. ಹಳ್ಳಿಯಲ್ಲಿ ವಾರವನ್ನು ಅಳೆಯುವುದು ಸಂತೆ. ಅಶ್ವಿನಿ ಮಳೆಯೋ ಭರಣಿ ಮಳೆಯೋ ಶನಿವಾರ ರಾತ್ರಿ ಸುರಿದರೆ ಭಾನುವಾರ ಬೆಳಗ್ಗೆ ಉಳುಮೆ ನಿಲ್ಲುವುದಿಲ್ಲ. ಚೆಂಡುಹೂ ಬಿಡಿಸುವ ಸರದಿ ಬಂದರೂ ಅಷ್ಟೆ.

ಆದರೂ ಭಾನುವಾರದ ಆರಾಧನೆ ಬಿಡಲಾಗದ್ದು. ಒಬ್ಬರೇ ಪ್ರಾರ್ಥಿಸುವುದು ಬೇರೆ, ಸಭೆಯಾಗಿ ಕೂಡಿ ರೊಟ್ಟಿ ಮುರಿಯುವುದು ಬೇರೆ. ಕ್ರೈಸ್ತ ವಿಶ್ವಾಸಕ್ಕೆ ಎರಡನೆಯದು ಆಧಾರ. ಚರ್ಚಿಗೆ ಹೋಗಲಾಗದ ವಾರಗಳಲ್ಲಿ ಮೈಸೂರು ಸೀಮೆಯ ಜನ ಇತರ ದಿನಗಳನ್ನೂ ಹಿಡಿದುಕೊಂಡಿದ್ದಾರೆ. ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಯ ಸಂತ ಅಂತೋಣಿಯವರ ಕ್ಷೇತ್ರಕ್ಕೆ ಮಂಗಳವಾರ ಜನ ಸೇರುತ್ತಾರೆ. ಹಬ್ಬ ಜೂನ್ 13ಕ್ಕೆ. ರೈತನೊಬ್ಬನಿಗೆ ಹೊಲ ಉಳುವಾಗ ಸಂತರ ಪ್ರತಿಮೆ ಸಿಕ್ಕಿತೆಂಬುದು ಅಲ್ಲಿಯ ಸ್ಥಳಪುರಾಣ. ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ.

ವಾರದಂತೆ ವರ್ಷಕ್ಕೂ ಒಂದು ಲಯವಿದೆ. ಗುಂಡ್ಲುಪೇಟೆ ಸೀಮೆಯಲ್ಲಿ ಅದು ಅರಿಶಿನದ ಲಯಕ್ಕೆ ತಾಗುತ್ತದೆ. ಅರಿಶಿನ ಎಂಟೊಂಬತ್ತು ತಿಂಗಳ ಬೆಳೆ. ಮುಂಗಾರಿನ ಮೊದಲಿಗೆ ನೆಟ್ಟರೆ ಕೀಳುವುದು ಜನವರಿಯಿಂದ ಮಾರ್ಚಿನೊಳಗೆ. ತಪಸ್ಸುಕಾಲ ಶುರುವಾಗುವುದೂ ಫೆಬ್ರವರಿ, ಮಾರ್ಚಿನಲ್ಲೇ. ಬೂದಿ ಬುಧವಾರದಿಂದ ಯೇಸುವಿನ ಪುನರುತ್ಥಾನದ ಪಾಸ್ಕ ಹಬ್ಬದವರೆಗೆ, ಭಾನುವಾರಗಳನ್ನು ಬಿಟ್ಟು, 40 ದಿನ. ಉಪವಾಸ, ದಾನ, ಯೇಸುವಿನ ಯಾತನೆಯನ್ನು ನೆನೆಯುವ ಶುಕ್ರವಾರದ ಶಿಲುಬೆಹಾದಿ. ಅದೇ ದಿನಗಳಲ್ಲಿ ಇಲ್ಲಿ ಅರಿಶಿನ ಅಗೆಯಬೇಕು, ಗಡ್ಡೆ ಬಿಡಿಸಬೇಕು, ಬೇಯಿಸಬೇಕು, ಕಣದಲ್ಲಿ ಹರಡಿ ಒಣಗಿಸಬೇಕು, ಪಾಲಿಶ್ ಮಾಡಿಸಿ ಈರೋಡಿನ ಮಾರುಕಟ್ಟೆಗೆ ಸಾಗಿಸಬೇಕು. ಬೇಯಿಸುವ ದಿನ ಆವಿಯ ಮುಂದೆ ನಿಂತವರ ಕೈ, ಬಟ್ಟೆ, ಉಗುರು ಎಲ್ಲ ಹಳದಿ. ಆ ವಾಸನೆ ಎರಡು ದಿನ ಹೋಗುವುದಿಲ್ಲ. ಬಿಸಿಲಿನಲ್ಲಿ ಅಗೆಯುವ ಕೂಲಿಯವರಿಗೆ ಹೊಟ್ಟೆ ಕಟ್ಟಿ ಉಪವಾಸ ಮಾಡಿ ಎನ್ನಲಾಗದು. ಕಥೋಲಿಕ ನಿಯಮದಲ್ಲೂ ಕಟ್ಟುನಿಟ್ಟಿನ ಉಪವಾಸ ವರ್ಷಕ್ಕೆ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಕಾಯಿಲೆಯವರಿಗೆ, ಮುದುಕರಿಗೆ, ಮೈಮುರಿದು ದುಡಿಯುವವರಿಗೆ ಅದರಲ್ಲೂ ವಿನಾಯಿತಿ. ಕೂಲಿಯನ್ನು ಅಂದಂದೇ ಕೊಡುವುದು, ತೂಕದಲ್ಲಿ ಮೋಸ ಮಾಡದಿರುವುದು, ಮಾರಿದ ಹಣದಲ್ಲಿ ಒಂದು ಪಾಲು ಬಡವರಿಗೆ ಎತ್ತಿಡುವುದು ಅರಿಶಿನ ಬೆಳೆದವನಿಗೆ ಒದಗಿಬರುವ ತಪಸ್ಸು.

ಇಲ್ಲಿಯವರೆಗೆ ಹೇಳಿದ ಅಡ್ಡಿಗಳೆಲ್ಲ ಕೆಲಸದ ಅಡ್ಡಿಗಳು. ಅವುಗಳಿಗೆ ಹೊತ್ತುಗೊತ್ತಿದೆ. ಹಾಲು ಕರೆದರೆ ಮುಗಿಯಿತು, ಅರಿಶಿನ ಮಾರಿದರೆ ಮುಗಿಯಿತು. ಕೊನೆಯ ಅಡ್ಡಿ ಬೇರೆ ಜಾತಿಯದು. ಅದು ಚಂಚಲತೆ.

ಚಂಚಲತೆಯನ್ನು ಮೊಬೈಲು ತಂದಿತು ಎನ್ನುವುದು ಅರ್ಧ ಸತ್ಯ. ಕ್ರಿಸ್ತಶಕ 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಇವಾಗ್ರಿಯಸ್ ಎಂಬ ಸಂನ್ಯಾಸಿ ಇದ್ದ. ಗುಡಿಸಲಿನಲ್ಲಿ ಒಬ್ಬನೇ ಕೂತ ಸಂನ್ಯಾಸಿಯ ಪಾಡನ್ನು ಆತ ಬರೆದಿಟ್ಟಿದ್ದಾನೆ. ಮಧ್ಯಾಹ್ನವಾದರೆ ಹೊತ್ತು ಸರಿಯುವುದೇ ಇಲ್ಲ ಎನ್ನಿಸುತ್ತದೆ. ಊಟದ ಹೊತ್ತು ಎಷ್ಟು ದೂರ ಎಂದು ಸೂರ್ಯನನ್ನು ನೋಡುತ್ತಾನೆ. ಯಾರಾದರೂ ಬರುತ್ತಾರೇನೋ ಎಂದು ಇಣುಕುತ್ತಾನೆ. ಈ ಜಾಗವೇ ಸರಿಯಿಲ್ಲ, ಬೇರೆ ಕಡೆ ಹೋದರೆ ಚೆನ್ನಾಗಿ ಪ್ರಾರ್ಥಿಸಬಹುದು ಎಂದುಕೊಳ್ಳುತ್ತಾನೆ. ಅಲ್ಲಿ ಸಂತೆಯಿಲ್ಲ, ಡೇರಿಯಿಲ್ಲ, ಮೊಬೈಲಿಲ್ಲ. ಮನಸ್ಸು ಮಾತ್ರ ಇದೆ. ಇವಾಗ್ರಿಯಸ್ ಹೇಳುವ ಮದ್ದು ಸರಳ: ಎದ್ದು ಹೋಗಬೇಡ.

ಮೊಬೈಲು ಆ ಹಳೆಯ ರೋಗಕ್ಕೆ ಜೇಬಿನಲ್ಲೇ ಮನೆ ಮಾಡಿಕೊಟ್ಟಿತು. ಅದು ಭಕ್ತಿಯ ವೇಷದಲ್ಲಿ ಬರುವುದರಿಂದ ತೊಡಕು ಹೆಚ್ಚು. 2020ರ ಲಾಕ್‌ಡೌನಿನಲ್ಲಿ ಚರ್ಚುಗಳು ಮುಚ್ಚಿದ್ದಾಗ ಪಾಸ್ಕ ಹಬ್ಬದ ಬಲಿಪೂಜೆಯನ್ನು ಜನ ಮೊಬೈಲಿನಲ್ಲೇ ನೋಡಿದರು. ಆಗ ಅದು ಉಪಕಾರವೇ ಮಾಡಿತು. ಕಾಯಿಲೆಯವರಿಗೆ, ಒಂಟಿ ಮನೆಯವರಿಗೆ ಇಂದಿಗೂ ಉಪಕಾರ. ಆದರೆ ದಿನಕ್ಕೆ ಹತ್ತು ಬೈಬಲ್ ವಾಕ್ಯ ಫಾರ್ವರ್ಡ್ ಮಾಡಿದವರು ಒಂದನ್ನೂ ನಿಂತು ಓದಿರುವುದಿಲ್ಲ. ಪ್ರಸಂಗ ಕೇಳಲು ತೆರೆದ ಯೂಟ್ಯೂಬು ಐದು ನಿಮಿಷದಲ್ಲಿ ಸಿನಿಮಾ ಹಾಡಿಗೆ ಜಾರುತ್ತದೆ. ಪ್ರಾರ್ಥನೆಗೆ ಕೂರುವಾಗ ಅಚ್ಚಾದ ಬೈಬಲೇ ಮೇಲು. ಅದರಲ್ಲಿ ಮೆಸೇಜು ಬರುವುದಿಲ್ಲ.

ಗುಂಡ್ಲುಪೇಟೆಯವರಿಗೆ ಇದರ ಮದ್ದು ಹೇಳಲು ಹತ್ತಿರದ ಹೋಲಿಕೆಯೊಂದಿದೆ. ಬಂಡೀಪುರದ ಕಾಡಿನೊಳಗಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ರಸ್ತೆ ಹಗಲು ಎಲ್ಲರದು, ರಾತ್ರಿ ಪ್ರಾಣಿಗಳದು. ವ್ಯಾಪಾರಕ್ಕೆ ತೊಂದರೆ ಎಂಬ ವಾದ ಇಂದಿಗೂ ಇದೆ. ಗೇಟು ಹಾಕುವ ಹೊತ್ತು ಗೊತ್ತಾಗಿರುವುದರಿಂದ ಲಾರಿಯವರು ಅದಕ್ಕೆ ತಕ್ಕಂತೆ ಹೊರಡುತ್ತಾರೆ. ಮೊಬೈಲಿಗೂ ಅಂಥದೊಂದು ಗೇಟು ಬೇಕು. ರಾತ್ರಿ ಊಟಕ್ಕೆ ಮುಂಚೆ ಮನೆಮಂದಿಯ ಮೊಬೈಲುಗಳೆಲ್ಲ ಒಂದು ಮೂಲೆ ಸೇರಿದರೆ ಜಪಸರಕ್ಕೋ ಒಂದು ಅಧ್ಯಾಯಕ್ಕೋ ಬೇಕಾದ 20 ನಿಮಿಷ ತಾನಾಗಿ ಸಿಗುತ್ತದೆ.

ಕೇಳುಗರೇ, ಉಳಿದಿರುವುದು ಸಭೆಯವರಿಗೆ ಸೇರಿದ ಮಾತು. ವಿಶ್ವಾಸಿಗಳು ಹೊತ್ತು ಹೊಂದಿಸಿಕೊಳ್ಳಬೇಕು ಎಂದು ಪೀಠದಿಂದ ಹೇಳುವುದು ವಾಡಿಕೆ. ಸಭೆಯೂ ಹೊಂದಿಸಿಕೊಳ್ಳಬೇಕು. ಬೆಳಗ್ಗೆ ಏಳಕ್ಕೆ ಆರಾಧನೆ ಇಟ್ಟರೆ ಹಾಲು ಹಾಕುವ ಮನೆಯಿಂದ ಬರುವುದು ಗಂಡಸರು, ಮಕ್ಕಳು. ಹೆಂಗಸರು ಕೊಟ್ಟಿಗೆಯಲ್ಲಿ ಉಳಿಯುತ್ತಾರೆ. ಅದನ್ನೇ ಒಂಬತ್ತೂವರೆಗೆ ಇಟ್ಟರೆ ಡೇರಿಯ ಕೆಲಸ ಮುಗಿಸಿ, ಮಿಂದು, ಸೀರೆ ಬದಲಿಸಿ ಬರಲು ಹೊತ್ತಿರುತ್ತದೆ. ಅರಿಶಿನ ಕೀಳುವ ತಿಂಗಳಲ್ಲಿ ಶಿಲುಬೆಹಾದಿಯನ್ನು ಸಂಜೆ ನಾಲ್ಕಕ್ಕೆ ಇಡುವುದರಲ್ಲಿ ಅರ್ಥವಿಲ್ಲ, ಏಳೂವರೆಗೆ ಇಡಬೇಕು. ಬಸ್ಸಿಲ್ಲದ ಊರಿನ ನಾಲ್ಕು ಮನೆಗಳಿಗೆ ತಿಂಗಳಿಗೊಮ್ಮೆ ಗುರುಗಳೋ ಸಭಾಪಾಲಕರೋ ತಾವೇ ಹೋಗಬೇಕು, ಉಳಿದ ವಾರಗಳಿಗೆ ಅಲ್ಲಿಯವರಲ್ಲೇ ಒಬ್ಬರನ್ನು ಪ್ರಾರ್ಥನೆ ನಡೆಸಲು ಒಪ್ಪಿಸಬೇಕು. ಬರುವ ವರ್ಷದ ಆರಾಧನೆಯ ವೇಳಾಪಟ್ಟಿ ಬರೆಯುವ ಮುಂಚೆ ಸಭಾಪಾಲಕರು ಒಮ್ಮೆ ಡೇರಿಗೆ ಹೋಗಿ, ಹಾಲು ಎಷ್ಟು ಹೊತ್ತಿಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿಕೊಂಡು ಬರಲಿ.